ಎಂಬತ್ತು ದಿನದ ಕ್ಯಾರೆಟ್ ನಮ್ಮ ಮಣ್ಣಿಗೆ ಒಗ್ಗುತ್ತದೆಯೇ?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕು): ಸರ್, ಐದು ಗುಂಟೆಯಲ್ಲಿ, ಎಂಬತ್ತು ದಿನಕ್ಕೆ ಬರುತ್ತದೆಂದು ಪೊಟ್ಟಣದ ಮೇಲೆ ಬರೆದಿರುವ ಅರ್ಲಿ ನಾಂಟಿಸ್ ತಳಿಯ ಕ್ಯಾರೆಟ್ ಹಾಕಬೇಕೆಂದಿದ್ದೇವೆ. ಕೆಂಪು ಮಣ್ಣು, ಅಲ್ಲಲ್ಲಿ ಕಲ್ಲು ಇದೆ. ಪಕ್ಕದ ಹೊಲದವರಿಗೆ ಗೆಡ್ಡೆಗಳೆಲ್ಲ ಕವಲೊಡೆದು ಬಂದವು. ಸಸಿ ಮಾಡಿ ನಾಟಿ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ (ತೋಟಗಾರಿಕೆ ಸಲಹೆಗಾರರು): ನಾಟಿ ಖಂಡಿತ ಬೇಡ. ಕೀಳುವಾಗ ತಾಯಿಬೇರಿನ ತುದಿ ಮುರಿದರೆ ಅಲ್ಲಿಂದಲೇ ಕವಲು ಶುರುವಾಗುತ್ತದೆ. ಹಸಿ ಸಗಣಿ ಗೊಬ್ಬರವೂ ಕಲ್ಲಿನಷ್ಟೇ ತೊಂದರೆ ಕೊಡುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ. ಮುಕ್ಕಾಲು ಅಡಿ ಆಳದವರೆಗೆ ಕಲ್ಲು ಆರಿಸಿ, ಏರುಮಡಿ ಮಾಡಿ.

ಅಕ್ಟೋಬರ್, ನವೆಂಬರ್‌ನಲ್ಲಿ ಬಿತ್ತಿ. ಐದು ಗುಂಟೆಗೆ ಸುಮಾರು 300 ಗ್ರಾಂ ಬೀಜ ಸಾಕು. ಅದನ್ನು ಒಣ ಮರಳಿನಲ್ಲಿ ಬೆರೆಸಿ, ಒಂದು ಅಡಿ ಅಂತರದ ಸಾಲುಗಳಲ್ಲಿ, ಒಂದು ಸೆಂಟಿಮೀಟರ್ ಆಳಕ್ಕೆ ಬಿಡಿ. ಮೊಳಕೆಗೆ ಎರಡು ವಾರವೂ ಹಿಡಿಯಬಹುದು. ಅಷ್ಟರಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟಿದರೆ ಬೀಜ ಹೊರಬರುವುದಿಲ್ಲ, ಆಮೇಲೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ತೆಳುವಾಗಿ ಹುಲ್ಲು ಹೊದಿಸಿ, ಮೊಳಕೆ ಕಂಡ ಕೂಡಲೇ ತೆಗೆಯಿರಿ. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೂಲಂಗಿ ಬೀಜ ಹಾಕಿದರೆ ಅದು ಮೊದಲೇ ಹುಟ್ಟಿ, ಕಳೆ ತೆಗೆಯುವವರಿಗೆ ಸಾಲು ತೋರಿಸುತ್ತದೆ.

ನಮ್ಮವರು ಸೋಲುವುದು ಸಸಿ ಕೀಳುವಲ್ಲಿ. ಹುಟ್ಟಿದ್ದನ್ನು ಕಿತ್ತೆಸೆಯಲು ಮನಸ್ಸು ಬರುವುದಿಲ್ಲ. ಆದರೆ ಗಿಡದಿಂದ ಗಿಡಕ್ಕೆ ಎರಡು ಅಂಗುಲ ಬಿಡದಿದ್ದರೆ ಎಂಬತ್ತು ದಿನವಲ್ಲ, ನೂರು ದಿನವಾದರೂ ಬೆರಳಿನಷ್ಟು ದಪ್ಪವೇ. ಪೊಟ್ಟಣದ ಮೇಲಿನ ದಿನದ ಲೆಕ್ಕ ಜಾಗ ಸಿಕ್ಕ ಗಿಡಕ್ಕೆ ಮಾತ್ರ.

ಪ್ರಶ್ನೆ (ಅವರೇ): ಫೆಬ್ರುವರಿಯಲ್ಲಿ ಇನ್ನೊಂದು ಬೆಳೆ ತೆಗೆಯಬಹುದೇ ಸರ್?

ಉತ್ತರ: ಈ ತಳಿಯಲ್ಲಿ ಬೇಡ. ಒಳ್ಳೆಯ ಬಣ್ಣಕ್ಕೆ 15ರಿಂದ 20 ಡಿಗ್ರಿ ತಂಪು ಬೇಕು. ನಮ್ಮ ಬೇಸಿಗೆಯಲ್ಲಿ ಗೆಡ್ಡೆ ಮೋಟಾಗಿ, ಬಿಳಿಚಿಕೊಂಡು ಬರುತ್ತದೆ. ಸೆಕೆಯನ್ನು ಸ್ವಲ್ಪ ಹೆಚ್ಚು ತಡೆಯುವುದು ಕುರೋಡ ಎಂಬ ತಳಿ. ಅದಕ್ಕೂ ಏಪ್ರಿಲ್ ಬಿಸಿಲು ಕಷ್ಟವೇ.

ಪ್ರಶ್ನೆ (ಹರಿಹರ): ನಮ್ಮದು ಎರೆಮಣ್ಣು. ಮನೆ ಮಟ್ಟಿಗಾದರೂ ಬೆಳೆಯಬಹುದೇ? ಎಷ್ಟು ದಿನ ಇಟ್ಟುಕೊಳ್ಳಬಹುದು?

ಉತ್ತರ: ಹೊಲಕ್ಕೆ ಬೇಡ ಮೇಡಂ, ಒಣಗಿದರೆ ಬಿರಿಯುವ ಮಣ್ಣು ಅದು. ಒಂದು ಅಡಿ ಆಳದ ಚೀಲದಲ್ಲಿ ಮಣ್ಣು, ಮರಳು, ಎರೆಹುಳು ಗೊಬ್ಬರ ಬೆರೆಸಿ ಬಿತ್ತಿ. ಗೆಡ್ಡೆಯ ತಲೆ ಮಣ್ಣಿನಿಂದ ಇಣುಕಿದರೆ ಹಸಿರಾಗಿ ಕಹಿಯಾಗುತ್ತದೆ, ಮಣ್ಣು ಏರಿಸಿ. ಒಣಗಲು ಬಿಟ್ಟು ಒಮ್ಮೆಲೇ ನೀರು ಸುರಿದರೆ ಸೀಳುತ್ತದೆ.

ಬೇಗ ಬರುವ ತಳಿ ಬಹಳ ದಿನ ಕೂಡಿಡಲು ಅಲ್ಲ. ಬೇಕಾದಷ್ಟೇ ಕೀಳಿ, ಸೊಪ್ಪನ್ನು ಕೂಡಲೇ ಕತ್ತರಿಸಿ. ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ. ಎಳೆಯ ಗೆಡ್ಡೆಗೆ ಕೋಸಂಬರಿಯೇ ಸರಿ, ಎಣ್ಣೆಯ ಒಗ್ಗರಣೆ ಮಾತ್ರ ಬಿಡಬೇಡಿ: ಕ್ಯಾರೆಟ್‌ಗೆ ಬಣ್ಣ ಕೊಡುವ ಪೋಷಕಾಂಶ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಎಳೆಯ ಸೊಪ್ಪನ್ನು ಬೇಳೆಯೊಂದಿಗೆ ಪಲ್ಯ ಮಾಡಬಹುದು, ಔಷಧಿ ಹೊಡೆದಿರದಿದ್ದರೆ.