ಕಾಸರಗೋಡಿಗೆ ಅಪ್ಪ ಅಮ್ಮ ಬರುತ್ತಿದ್ದಾರೆ, ಎರಡು ದಿನದಲ್ಲಿ ಏನೇನು ತೋರಿಸಲಿ?

ದುರ್ಗದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನೂರು ಚಿತ್ರದುರ್ಗ. ಕೆಲಸದ ಮೇಲೆ ಕಾಸರಗೋಡಿಗೆ ಬಂದು ನಾಲ್ಕು ತಿಂಗಳಾಯಿತು, ವಿದ್ಯಾನಗರದಲ್ಲಿ ಮನೆ ಮಾಡಿದ್ದೇನೆ. ಡಿಸೆಂಬರ್ ರಜೆಗೆ ಅಪ್ಪ, ಅಮ್ಮ, ಅಣ್ಣನ ಮಗ ಬರುತ್ತಿದ್ದಾರೆ. ಇರುವುದು ಎರಡೇ ದಿನ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಅಂದರೆ ಭಯ. ಹುಡುಗನಿಗೆ ಒಂಬತ್ತು ವರ್ಷ, ಅವನಿಗೆ ಸಮುದ್ರ ಸಿಕ್ಕಿದರೆ ಸಾಕು. ಆಫೀಸಿನಲ್ಲಿ ಯಾರನ್ನು ಕೇಳಿದರೂ ಬೇಕಲ ಕೋಟೆ ಅಂತಾರೆ, ಅಲ್ಲಿಗೆ ಮಾತು ನಿಂತುಬಿಡುತ್ತದೆ. ಬೇಕಲ ನೋಡೇ ನೋಡುತ್ತೇವೆ. ಆದರೆ ಅಪ್ಪನಿಗೆ ಈ ಊರಿನ ಕನ್ನಡವನ್ನೂ ತೋರಿಸಬೇಕು ಅಂತ ನನಗೆ ಆಸೆ. ಇಲ್ಲಿಯವರೇ ಹೇಳಿದರೆ ಚೆನ್ನ.

ಹೊಳೆಬದಿಯವ

ಬೇಕಲದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಜನ ತಪ್ಪು ಹೊತ್ತಿನಲ್ಲಿ ನೋಡಿ ಬೈದುಕೊಂಡು ಹೋಗುತ್ತಾರೆ. ಸುಮಾರು 40 ಎಕರೆ ಬಯಲು ಅದು, ನೆರಳು ಕಡಿಮೆ. ಮಧ್ಯಾಹ್ನ ಹೋದರೆ ನಿಮ್ಮ ಅಮ್ಮನಿಗೆ ತಲೆಸುತ್ತು ಬರುವುದು ಖಂಡಿತ. ನಾಲ್ಕು ಗಂಟೆಯ ಮೇಲೆ ಹೋಗಿ. ಪೇಟೆಯಿಂದ ಸುಮಾರು 15 ಕಿ.ಮೀ., ಬಸ್ಸಿಗೇನೂ ಬರ ಇಲ್ಲ.

ದುರ್ಗದವರು ಅಂದಿರಿ, ಹಾಗಾದರೆ ನಿಮ್ಮ ಅಪ್ಪನಿಗೆ ಮೊದಲು ಗೋಡೆಯನ್ನೇ ತೋರಿಸಿ. ನಿಮ್ಮಲ್ಲಿ ಹೆಬ್ಬಂಡೆ, ನಮ್ಮಲ್ಲಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಕೈಯಿಟ್ಟರೆ ತೂತುತೂತಾಗಿ ತರಚುತ್ತದೆ, ಮಳೆಗಾಲ ಕಳೆದ ಮೇಲೆ ಅದರ ಸಂದಿಯಲ್ಲೆಲ್ಲ ಹಸಿರು ಹಿಡಿದಿರುತ್ತದೆ. ಇದನ್ನು ಸುಮಾರು 1650ರ ಹೊತ್ತಿಗೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಅಂತಾರೆ. ಆಮೇಲೆ ಹೈದರಾಲಿ, ಟಿಪ್ಪು ಕೈಗೆ ಬಂತು, ಬ್ರಿಟಿಷರ ಕಾಲದಲ್ಲಿ ಬೇಕಲವೇ ಒಂದು ತಾಲೂಕಾಗಿತ್ತು. ಸಮುದ್ರದ ಕಡೆಯ ಗೋಡೆಯಲ್ಲಿ ಕಿಂಡಿಗಳಿವೆ. ಹುಡುಗನನ್ನು ಅಲ್ಲಿ ನಿಲ್ಲಿಸಿ ಒಂದೊಂದೇ ಕಿಂಡಿಯಲ್ಲಿ ಕಣ್ಣಿಟ್ಟು ನೋಡಲು ಹೇಳಿ. ಮೇಲಿನದರಲ್ಲಿ ದೂರದ ನೀರು ಕಾಣುತ್ತದೆ, ನಡುವಿನದರಲ್ಲಿ ಇನ್ನೂ ಹತ್ತಿರ, ಕೆಳಗಿನದರಲ್ಲಿ ಗೋಡೆಯ ಬುಡವೇ. ಶತ್ರು ಎಲ್ಲಿಗೆ ಬಂದಿದ್ದಾನೋ ಅದಕ್ಕೆ ತಕ್ಕ ಕಿಂಡಿ. ಬಾಯಲ್ಲಿ ಎಷ್ಟು ವಿವರಿಸಿದರೂ ಅರ್ಥವಾಗದ್ದು ಮಕ್ಕಳಿಗೆ ಅಲ್ಲಿ ನಿಂತರೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ನಡುವೆ ಇರುವ ದೊಡ್ಡ ವೀಕ್ಷಣಾ ಬುರುಜಿಗೆ ಹತ್ತುವುದು ಮೆಟ್ಟಿಲಲ್ಲಿ ಅಲ್ಲ, ಅಗಲವಾದ ಇಳಿಜಾರಿನಲ್ಲಿ. ಅಮ್ಮ ನಿಧಾನಕ್ಕೆ ಕೈಹಿಡಿದುಕೊಂಡು ಹತ್ತಬಹುದು.

ಬರುವಾಗಲೋ ಹೋಗುವಾಗಲೋ ಚಂದ್ರಗಿರಿ ಸೇತುವೆ ಹತ್ತಿರ ಸ್ವಲ್ಪ ನಿಲ್ಲಿ. ಹೊಳೆಯ ತೆಂಕು ದಡದಲ್ಲಿ ಚಂದ್ರಗಿರಿ ಕೋಟೆ ಉಂಟು. ಅದೂ ಕೆಳದಿಯವರದೇ, ಚಿಕ್ಕದು, ಜನ ಕಡಿಮೆ. ಅಲ್ಲಿಂದ ಹೊಳೆ, ತೆಂಗಿನ ತೋಟ, ದೂರದಲ್ಲಿ ಸಮುದ್ರ ಎಲ್ಲ ಒಟ್ಟಿಗೆ ಕಾಣುತ್ತದೆ. ನಮ್ಮ ಅಜ್ಜಿಯ ಲೆಕ್ಕದಲ್ಲಿ ಈ ಹೊಳೆಯೇ ಗಡಿ: ಈಚೆ ತುಳುನಾಡು, ಆಚೆ ಮಲೆಯಾಳ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬೇರೆ ಕಡೆ ಬಿತ್ತು, ಅಜ್ಜಿಯ ಲೆಕ್ಕ ಮಾತ್ರ ಬದಲಾಗಲಿಲ್ಲ.

ಬೇಳದ ಅಕ್ಕ

ಎರಡು ದಿನದಲ್ಲಿ ಒಂದು ದಿನವನ್ನು ಪೂರ್ತಿ ಉತ್ತರದ ಕಡೆಗೆ ಇಡಿ ತಂಗಿ.

ಬೆಳಿಗ್ಗೆ ಬೇಗ ಅನಂತಪುರಕ್ಕೆ ಹೋಗಿ. ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪು ಸಿಗುತ್ತದೆ, ಅಲ್ಲಿಂದ ಒಳಗೆ. ಸುತ್ತ ಬೋಳು ಪಾರೆ (ಕಲ್ಲುಬಯಲು), ನಡುವೆ ಕೆರೆ, ಕೆರೆಯ ನಡುವೆ ಗುಡಿ. ಗುಡಿಗೆ ಒಂದು ಕಿರುಸೇತುವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದು ಅಂತ ನಂಬಿಕೆ. ಬಿಲ್ವಮಂಗಲ ಸ್ವಾಮಿಗಳ ಎದುರಿನಿಂದ ಹುಡುಗನ ರೂಪದಲ್ಲಿದ್ದ ದೇವರು ಮಾಯವಾಗಿ ಗುಹೆಯೊಳಗೆ ಹೋದ ಅಂತ ಕಥೆ, ಆ ಗುಹೆಯನ್ನು ಕೆರೆಯ ಮೂಲೆಯಲ್ಲಿ ಈಗಲೂ ತೋರಿಸುತ್ತಾರೆ.

ನಿಮ್ಮ ಹುಡುಗ ಮೊಸಳೆಯ ಬಗ್ಗೆ ಕೇಳಿಯೇ ಕೇಳುತ್ತಾನೆ. ಬಬಿಯಾ ಅಂತ ಇತ್ತು, ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದು. ನೈವೇದ್ಯದ ಅನ್ನ ತಿಂದುಕೊಂಡು ತನ್ನಷ್ಟಕ್ಕೆ ಇರುತ್ತಿತ್ತು, ಯಾರಿಗೂ ಏನೂ ಮಾಡಿದ್ದಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಆ ದಿನ ನಾನೂ ಹೋಗಿದ್ದೆ. ಹೂ ಹಾಕಿ ಮಲಗಿಸಿದ್ದರು. ಎದುರು ಸಾಲಿನಲ್ಲಿ ನಿಂತವರಲ್ಲಿ ಕಣ್ಣು ಒರೆಸದವರು ಕಡಿಮೆ, ನಾನಂತೂ ಮನೆಗೆ ಬಂದು ಮಧ್ಯಾಹ್ನದ ಊಟ ಮಾಡಲಿಲ್ಲ. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿಕೊಂಡಿತು. ಕಂಡರೆ ಪುಣ್ಯ, ಕಾಣದಿದ್ದರೆ ನೀರಿಗೆ ಕಲ್ಲು ಎಸೆಯಲು ಮಾತ್ರ ಬಿಡಬೇಡಿ. ಅದನ್ನು ನೋಡಿದರೆ ನನಗೆ ತುಂಬ ಬೇಜಾರಾಗುತ್ತದೆ.

ಆಮೇಲೆ ಮಧೂರು. ಮಧುವಾಹಿನಿ ಹೊಳೆಯ ಪಕ್ಕದ ದೇವಸ್ಥಾನ, ಜೋರು ಮಳೆಗೆ ಅಂಗಳಕ್ಕೇ ನೀರು ಬರುತ್ತದೆ, ಡಿಸೆಂಬರಿನಲ್ಲಿ ಆ ತೊಂದರೆ ಇಲ್ಲ. ಒಳಗೆ ಹೋಗುವ ಅವಸರದಲ್ಲಿ ಮಾಡನ್ನು, ಅಂದರೆ ಗುಡಿಯ ಛಾವಣಿಯನ್ನು, ನೋಡದೆ ಬರಬೇಡಿ. ಮೂರು ಅಂತಸ್ತು, ಆನೆಯ ಬೆನ್ನಿನ ಹಾಗೆ ಹಿಂದಕ್ಕೆ ದುಂಡಗಾಗಿದೆ, ಮೇಲೆ ತಾಮ್ರದ ಹೊದಿಕೆ. ಮದರು ಅನ್ನುವ ಹೆಂಗಸಿಗೆ ಲಿಂಗ ಸಿಕ್ಕಿದ್ದರಿಂದ ಮಧೂರು ಅಂತ ಹೆಸರು ಬಂತು ಅಂತಾರೆ. ಮೂಲದಲ್ಲಿ ಈಶ್ವರನ ದೇವಸ್ಥಾನ, ಆದರೆ ಜನ ಬರುವುದು ಗಣಪತಿಗೆ. ಇಲ್ಲಿ ಪ್ರಸಾದವಾಗಿ ಕೊಡುವ ‘ಅಪ್ಪ’ ಅನ್ನುವ ಸಿಹಿ ತಿಂಡಿ ತಪ್ಪಿಸಬೇಡಿ. ಇದೇ ಅಪ್ಪದಿಂದ ಗಣಪತಿಯನ್ನು ಮುಚ್ಚುವುದೇ ಮೂಡಪ್ಪ ಸೇವೆ, 1992ರ ನಂತರ 2025ರಲ್ಲಿ ಆಯಿತು.

ಮಧ್ಯಾಹ್ನ ಗುಡಿಯ ನಡೆ (ಬಾಗಿಲು) ಮುಚ್ಚುತ್ತಾರೆ, ಅದಕ್ಕೇ ಬೇಗ ಹೊರಡಿ ಅಂದದ್ದು. ದಾರಿಯಲ್ಲಿ ಹೊತ್ತಿದ್ದರೆ ನಮ್ಮ ಬೇಳದ ಇಗರ್ಜಿಯನ್ನೂ ನೋಡಿ. 1890ರದ್ದು, ಚಂದದ ಕಟ್ಟಡ.

ಹೊಸದುರ್ಗ ಕಡೆಯವ

ಎಲ್ಲರೂ ಉತ್ತರಕ್ಕೇ ಎಳೆಯುತ್ತಿದ್ದೀರಲ್ಲ, ನಮ್ಮ ಕಡೆಯದನ್ನೂ ಹೇಳಬೇಕು. ಬೇಕಲದಿಂದ ಇನ್ನೂ ಸ್ವಲ್ಪ ತೆಂಕಕ್ಕೆ ಬಂದರೆ ಕಾಞಂಗಾಡು. ಹೊಸದುರ್ಗ ಕೋಟೆಯ ಬುರುಜುಗಳು ಪೇಟೆಯ ಮಧ್ಯದಲ್ಲೇ ಕಾಣುತ್ತವೆ. ಹತ್ತಿರದಲ್ಲೇ ನಿತ್ಯಾನಂದಾಶ್ರಮ, ಕಲ್ಲು ಕೊರೆದು ಮಾಡಿದ 45 ಗುಹೆಗಳು, ಒಳಗೆ ಹೊಕ್ಕರೆ ಬೇಸಿಗೆಯಲ್ಲೂ ತಂಪು. ಸುಮ್ನೆ ಹತ್ತು ನಿಮಿಷ ಕೂತು ಬನ್ನಿ. ರಾಣಿಪುರಂ ಬೆಟ್ಟ ಹೇಳಬೇಕೆಂದಿದ್ದೆ, ಆದರೆ ಅಮ್ಮನ ಮಂಡಿಗೆ ಅದು ಆಗದು, ಬಿಡಿ. ನೀವು ಇಲ್ಲೇ ಇರುವವರಲ್ವಾ, ಇನ್ನೊಂದು ಸಲ ಸ್ನೇಹಿತರ ಜೊತೆ ಹೋಗಿ.

ದುರ್ಗದ ಮಗಳು

ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಅಕ್ಕಾ, ಬಬಿಯಾ ವಿಷಯ ಓದಿ ಕಣ್ಣು ತುಂಬಿತು. ಮೊದಲ ದಿನ ಅನಂತಪುರ, ಮಧೂರು ಅಂತ ಬರೆದುಕೊಂಡೆ. ಎರಡನೇ ದಿನ ಸಂಜೆ ಬೇಕಲ. ಅವತ್ತು ಬೆಳಿಗ್ಗೆ ಮಂಜೇಶ್ವರಕ್ಕೆ ಹೋಗಬಹುದಾ? ಅಪ್ಪ ಫೋನಿನಲ್ಲಿ ಗೋವಿಂದ ಪೈಗಳ ಮನೆ ಅಂತ ಎರಡು ಸಲ ಹೇಳಿದರು.

ಕುಂಬಳೆ ಮೇಷ್ಟ್ರು

ಹೋಗಲೇಬೇಕಮ್ಮ. ರೈಲು ಹತ್ತಿದರೆ ಅರ್ಧ ಗಂಟೆ, ಲೋಕಲ್ ರೈಲು ಮಂಜೇಶ್ವರದಲ್ಲಿ ನಿಲ್ಲುತ್ತದೆ. ಪೈಗಳು ಇದ್ದ ಜಾಗದಲ್ಲಿ ಈಗ ಗಿಳಿವಿಂಡು ಅನ್ನುವ ಸ್ಮಾರಕ ಉಂಟು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಮದರಾಸು ಸರ್ಕಾರ, ಯಾಕೆಂದರೆ ಆಗ ನಾವೆಲ್ಲ ಮದರಾಸಿನಲ್ಲಿದ್ದೆವು. ಪ್ರಾಸ ಬಿಟ್ಟು ಬರೆದ ಅವರ ಧೈರ್ಯದ ಬಗ್ಗೆ ನಿಮ್ಮ ತಂದೆಯವರು ತರಗತಿಯಲ್ಲಿ ಎಷ್ಟೋ ಸಲ ಹೇಳಿರುತ್ತಾರೆ. ಅದನ್ನು ಆ ಅಂಗಳದಲ್ಲಿ ನಿಂತು ಮೊಮ್ಮಗನಿಗೆ ಒಮ್ಮೆ ಹೇಳಲಿ. ನಾನು ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಹಾಗೇ ಮಾಡಿದ್ದೆ, ಇವತ್ತಿಗೂ ಅವರು ಅದನ್ನು ಮರೆತಿಲ್ಲ.

ಹಿಂದೆ ಬರುವಾಗ ಕುಂಬಳೆಯಲ್ಲಿ ಇಳಿಯಿರಿ. ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಪೇಟೆಯಲ್ಲೇ ಉಂಟು. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿ ಸುಬ್ಬನ ಊರು ಇದು. ಡಿಸೆಂಬರ್ ಅಂದರೆ ಮೇಳಗಳು ತಿರುಗಾಟದಲ್ಲಿರುವ ಕಾಲ, ಎಲ್ಲಾದರೂ ಬಯಲಾಟ ಇದ್ದರೆ ಒಂದು ಗಂಟೆಯಾದರೂ ಕೂರಿ. ದುರ್ಗದ ಕಡೆಯವರಿಗೆ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯ ಗೊತ್ತಿರುತ್ತದೆ, ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನ ಚೆಂಡೆಯ ಮುಂದೆ ಕೂತರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಬಾಯಾರಿನವ

ಒಂದು ವಿಷಯ ಯಾರೂ ಹೇಳಲಿಲ್ಲ: ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ನಮ್ಮ ತೋಟಕ್ಕೆ ಈಗಲೂ ಅದೇ ನೀರು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಕೊರೆಯುವವರು ಒಳಗೆ ದೀಪ ಇಟ್ಟುಕೊಳ್ಳುತ್ತಿದ್ದರು. ಬೆಳಕಿಗೆ ಅದು ಬೇಕು ಸರಿ, ಉರಿ ಸಣ್ಣದಾದರೆ ಗಾಳಿ ಸಾಲದು ಅಂತಲೂ ಗೊತ್ತಾಗುತ್ತಿತ್ತು, ಕೂಡಲೇ ಹೊರಗೆ ಬರುತ್ತಿದ್ದರು. ಮುರಕಲ್ಲಿನಿಂದ ತೊಟ್ಟು ತೊಟ್ಟಾಗಿ ಇಳಿದ ನೀರು ಒಳಗೇ ಒಂದು ಎಳೆಯಾಗಿ ಹರಿದು ಬಾಯಿಗೆ ಬರುತ್ತದೆ, ಅಲ್ಲಿಂದ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ (ನೀರಿನ ದೋಣಿಯಲ್ಲಿ) ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೇಕಲದಂತಹ ಕೋಟೆ ರಾಜರು ಕಟ್ಟಿಸಿದ್ದು, ಇದು ನಮ್ಮ ಹಿರಿಯರು ಕೂಲಿಯವರ ಜೊತೆ ಸೇರಿ ಕೊರೆದದ್ದು. ನನಗೆ ಎರಡೂ ದೊಡ್ಡದೇ.

ಮಂಜೇಶ್ವರಕ್ಕೆ ಹೇಗೂ ಬರುತ್ತೀರಲ್ಲ, ಕಾರಿದ್ದರೆ ಈ ಕಡೆಯೂ ಬಂದುಹೋಗಬಹುದು. ಬರುವುದಾದರೆ ಇಲ್ಲೇ ಒಂದು ಸಾಲು ಬರೆಯಿರಿ, ನಮ್ಮದನ್ನೇ ತೋರಿಸುತ್ತೇನೆ.

ದುರ್ಗದ ಮಗಳು

ಅಣ್ಣಾ, ಕಾರು ಮಾಡಿಕೊಂಡೇ ಬರುತ್ತೇವೆ. ನಮ್ಮೂರಲ್ಲಿ ಬೋರು ಸಾವಿರ ಅಡಿ ಇಳಿದರೂ ನೀರಿಲ್ಲ, ಅಪ್ಪನಿಗೆ ಇದನ್ನು ನೋಡದೆ ನಿದ್ದೆ ಬರುವುದಿಲ್ಲ. ಹುಡುಗ ಒಳಗೆ ಹೋಗಬಹುದಾ? ಟಾರ್ಚ್ ತರಬೇಕಾ?

ಬಾಯಾರಿನವ

ಟಾರ್ಚ್ ತನ್ನಿ. ಒಳಗೆ ಬೇಡ, ಬಾವಲಿ ಇರುತ್ತದೆ, ಹಾವೂ ಇರಬಹುದು. ಬಾಯಲ್ಲಿ ನಿಂತು ಬೆಳಕು ಬಿಟ್ಟರೆ ಮೊದಲ ತಿರುವಿನವರೆಗೆ ಕಾಣುತ್ತದೆ. ದಂಬೆಯ ಕೆಳಗೆ ಬೊಗಸೆ ಹಿಡಿದು ಅವನು ನೀರು ಕುಡಿಯಲಿ. ಅಮ್ಮನಿಗೆ ಮೆಟ್ಟಿಲಿಲ್ಲದ ದಾರಿ ತೋಟದ ಹಿಂದಿನಿಂದ ಉಂಟು, ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಬೊಂಡ, ನಿಮ್ಮ ಕಡೆಯ ಎಳನೀರು, ಕೊಯ್ದಿಟ್ಟಿರುತ್ತೇನೆ.