ಮಕ್ಕಳ ಏರ್‌ವೇ ಡ್ರಿಲ್: ಟೀಮಿಗೆ ಮಾರ್ಕ್ಸ್ ಎಂತ ನೋಡಿ ಹಾಕೂದು?

ಸದಾಶಿವಗಡ_ಸಿಸ್ಟರ್:
ಎಲ್ರಿಗೂ ನಮಸ್ಕಾರ. ನಾನು ಕಾರವಾರದ ಹತ್ರ ಒಂದು ಆಸ್ಪತ್ರೆ ಎಮರ್ಜೆನ್ಸಿಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಮಕ್ಕಳಿಗೆ ಉಸಿರಾಟದ ತೊಂದ್ರೆ ಆಗಿ ಬಂದ್ರೆ ಹೇಗೆ ಮ್ಯಾನೇಜ್ ಮಾಡೂದು ಅಂತ ಟೀಮ್ ಡ್ರಿಲ್ ಶುರು ಮಾಡ್ತಿದ್ದಾರೆ, ಒಬ್ರು ಡಾಕ್ಟ್ರು, ಇಬ್ರು ನರ್ಸ್, ಒಬ್ಬ ಓಟಿ ಟೆಕ್ನಿಷಿಯನ್, ಗೊಂಬೆ ಒಂದಿದೆ. ಡ್ರಿಲ್ ಮಾಡೂದೇನೋ ಸರಿ, ಮಾರ್ಕ್ಸ್ ಹಾಕೂ ಕೆಲ್ಸ ನನ್ನ ತಲೆಗೆ ಕಟ್ಟಿದ್ದಾರೆ. ಕೈಗೆ ಸಿಕ್ಕಿದ ಚೆಕ್‌ಲಿಸ್ಟ್‌ಲಿ ಅರ್ಧಕ್ಕಿಂತ ಜಾಸ್ತಿ ಶ್ವಾಸನಾಳಕ್ಕೆ ಟ್ಯೂಬ್ ಹಾಕೂ ವಿಷ್ಯನೇ, ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡೂ ಲೈಟ್ ಇರೂ ಸಾಧನ) ಎಡಗೈಲಿ ಹಿಡಿದ್ರಾ, ಟ್ಯೂಬ್ ಎಷ್ಟು ಸೆಂಟಿಮೀಟರಿಗೆ ಫಿಕ್ಸ್ ಮಾಡಿದ್ರಾ ಅಂತ. ಅದೆಲ್ಲ ಮಾಡೂದು ಡಾಕ್ಟ್ರು ಒಬ್ರೇ ಅಲ್ದಾ, ಹಾಗಾದ್ರೆ ಉಳಿದ ಮೂರು ಜನ ಎಂತ ಮಾಡಿದ್ರು ಅಂತ ಬರಿಯೂದು? ಮತ್ತೆ ಸೀನಿಯರ್ ಡಾಕ್ಟ್ರಿಗೆ ನರ್ಸ್ ಮಾರ್ಕ್ಸ್ ಹಾಕಿದ್ರೆ ಮರುದಿನ ಡ್ಯೂಟಿಲಿ ಮುಖ ಹೇಗೆ ನೋಡೂದು ಅನ್ನೂದೂ ಇದೆ. ಅನುಭವ ಇದ್ದವರು ಹೇಳಿ.

ಕುಮಟಾ_ಮಕ್ಕಳಡಾಕ್ಟ್ರು:
ಸಿಸ್ಟರ್, ಒಳ್ಳೆ ಪ್ರಶ್ನೆ. ಮೊದ್ಲು ಆ ಚೆಕ್‌ಲಿಸ್ಟ್ ಬದಿಗಿಡಿ. ಮಗು ಬದುಕೂದು ಟ್ಯೂಬಿಂದ ಅಲ್ಲ, ಆಕ್ಸಿಜನ್‌ನಿಂದ. ಸಣ್ಣ ಮಕ್ಕಳಿಗೆ ಶ್ವಾಸಕೋಶದಲ್ಲಿ ಸ್ಟಾಕ್ ಕಡಿಮೆ, ಖರ್ಚು ಜಾಸ್ತಿ, ಹಾಗಾಗಿ ಉಸಿರು ನಿಂತ ಮೇಲೆ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ) ದೊಡ್ಡವರಿಗಿಂತ ಎಷ್ಟೋ ಬೇಗ ಬೀಳ್ತದೆ, ಅದರ ಬೆನ್ನಿಗೇ ಹಾರ್ಟ್ ರೇಟೂ ಇಳೀತದೆ. ಹಾಗಾಗಿ ಮೊದ್ಲು ಅಳೀಬೇಕಾದ್ದು ಡ್ರಿಲ್ ಶುರುವಾದಲ್ಲಿಂದ ಬ್ಯಾಗ್ (ಮಾಸ್ಕ್ ಮೂಲಕ ಗಾಳಿ ಕೊಡೂ ಕೈಚೀಲ) ಒತ್ತಿ ಎದೆ ಏಳೂ ತನಕ ಎಷ್ಟು ಸೆಕೆಂಡ್ ಆಯ್ತು ಅನ್ನೂದು. ಆ ಒಂದು ನಂಬರಲ್ಲಿ ನಾಲ್ಕೂ ಜನರ ಕೆಲ್ಸ ಸೇರಿರ್ತದೆ. ಸರಿ ಸೈಜಿನ ಮಾಸ್ಕ್ ತೆಗೆದವರು ಯಾರು (ಮೂಗಿನ ಮೇಲಿಂದ ಗದ್ದದವರೆಗೆ ಕೂರಬೇಕು, ಕಣ್ಣಿನ ಮೇಲೆ ಒತ್ತಬಾರ್ದು), ಕೂಸಿನ ಹಿಂದಲೆ ದೊಡ್ಡ ಇರೂದ್ರಿಂದ ಭುಜದ ಅಡಿಗೆ ಬಟ್ಟೆ ಸುತ್ತಿ ಇಟ್ಟವರು ಯಾರು, ಆಕ್ಸಿಜನ್ ಪೈಪ್ ನಿಜವಾಗ್ಲೂ ಸಿಗಿಸಿತ್ತಾ. ಮಾಸ್ಕ್ ಕೂರೂದಿಲ್ಲ ಅಂದ್ರೆ ಒಬ್ರು ಎರಡೂ ಕೈಲಿ ಮಾಸ್ಕ್ ಹಿಡಿದು ಇನ್ನೊಬ್ರು ಬ್ಯಾಗ್ ಒತ್ತಬೇಕು, ಅದಕ್ಕೆ ಯಾರೂ ಹೇಳದೇ ಕೈ ಬಂತಾ ನೋಡಿ. ಗಾಬರಿಲಿ ಎಲ್ರೂ ಬ್ಯಾಗನ್ನ ಪೀಪಿ ಊದಿದ ಹಾಗೆ ಒತ್ತೂಕೆ ಶುರು ಮಾಡ್ತಾರೆ, 2-3 ಸೆಕೆಂಡಿಗೊಂದು ಸಾಕು.

ಟ್ಯೂಬ್ ವಿಷ್ಯಕ್ಕೆ ಬಂದ್ರೆ, ಎಷ್ಟು ಸಲ ಟ್ರೈ ಮಾಡಿದ್ರು, ಸ್ಯಾಚುರೇಶನ್ ಎಲ್ಲಿಗೆ ಇಳಿದಾಗ ನಿಲ್ಸಿದ್ರು, ಅಷ್ಟೇ ಬರೀರಿ. ಸೈಜನ್ನ ಬಾಯಿಬಿಟ್ಟು ಹೇಳ್ಬೇಕು. ಕಫ್ (ಟ್ಯೂಬ್ ತುದಿ ಹತ್ರ ಗಾಳಿ ತುಂಬೂ ಸಣ್ಣ ಬಲೂನು) ಇರೂ ಟ್ಯೂಬಿಗೆ ವಯಸ್ಸನ್ನ 4ರಿಂದ ಭಾಗಿಸಿ 3.5 ಕೂಡ್ಸಿ, 4 ವರ್ಷದ ಮಗುಗೆ 4.5 ಬಂತು, ಅರ್ಧ ಸೈಜ್ ಸಣ್ಣದೂ ಟ್ರೇಲಿ ಇರಬೇಕು. ಡಾಕ್ಟ್ರು "ಸಿಸ್ಟರ್, 4.5 ಕಫ್ ಟ್ಯೂಬ್" ಅಂದ್ರೆ ಆ ಕಡೆಯಿಂದ "4.5 ಕಫ್ ಟ್ಯೂಬ್, ಕಫ್ ಚೆಕ್ ಆಯ್ತು" ಅಂತ ವಾಪಸ್ ಬರ್ಬೇಕು. ಅದು ಟೀಮ್ ಮಾರ್ಕ್ಸ್. "ಯಾರಾದ್ರೂ ಟ್ಯೂಬ್ ಕೊಡಿ" ಅಂತ ಗೋಡೆಗೆ ಹೇಳಿದ್ರೆ ಮಾರ್ಕ್ಸ್ ಇಲ್ಲ, ಡಾಕ್ಟ್ರೇ ಆಗ್ಲಿ.

ನನಗೆ ಅತಿ ಮುಖ್ಯ ಅನ್ನಿಸೂದು ಇನ್ನೊಂದು. ಡಾಕ್ಟ್ರ ಹತ್ರ ಮೊದ್ಲೇ ಗುಟ್ಟಾಗಿ ಹೇಳಿ, ಸ್ಯಾಚುರೇಶನ್ ಇಳೀತಾ ಇದ್ರೂ ಟ್ಯೂಬ್ ಹಾಕೂದು ಬಿಡ್ಬೇಡಿ ಅಂತ. "ಸರ್, 85 ಆಯ್ತು, ನಿಲ್ಸಿ, ಬ್ಯಾಗ್ ಮಾಡುವಾ" ಅಂತ ಯಾರು ಹೇಳ್ತಾರೆ, ಎಷ್ಟು ಹೊತ್ತಿಗೆ ಹೇಳ್ತಾರೆ ನೋಡಿ. ನಮ್ಮ ಕಡೆ ಜನ ಮರ್ಯಾದೆಗೆ ಸುಮ್ನೆ ನಿಂತ್ಕೊಳ್ತಾರೆ. ಆದ್ರೆ ಡ್ರಿಲ್ ಮುಗಿದ ಕೂಡ್ಲೇ ಗುಟ್ಟು ಬಿಚ್ಚಿ ಹೇಳ್ಬೇಕು, ಇಲ್ಲಾಂದ್ರೆ ಮತ್ತೆ ಯಾರೂ ನಂಬೂದಿಲ್ಲ.

ಶಿರಸಿ_ಓಟಿ:
ಡಾಕ್ಟ್ರು ಹೇಳಿದ್ದು ಸರಿ, ಆದ್ರೆ ಬರೀ ಸ್ಟಾಪ್‌ವಾಚ್ ಹಿಡ್ಕೊಂಡ್ರೆ ಎಲ್ರೂ ಓಡಿ ಓಡಿ ಮಾಡ್ತಾರೆ, ಮಾಸ್ಕ್ ಸೈಡಿಂದ ಗಾಳಿ ಲೀಕ್ ಆಗ್ತಿದ್ರೂ "ಎದೆ ಎದ್ತು" ಅಂತಾರೆ. ನಾನಾದ್ರೆ ಟೈಮ್ ಜೊತೆಗೆ ಒಟ್ಟಾರೆ ಹೇಗಿತ್ತು ಅಂತ ಒಂದು ರೇಟಿಂಗ್ ಇಡ್ತೇನೆ, ಮತ್ತೆ ಇಬ್ರು ಬೇರೆ ಬೇರೆ ಕೂತು ಹಾಕ್ಬೇಕು. ಇಬ್ರ ನಂಬರ್ ತೀರಾ ದೂರ ಇದ್ರೆ ತೊಂದ್ರೆ ಟೀಮಲ್ಲಿ ಅಲ್ಲ, ನಮ್ಮ ಫಾರ್ಮಲ್ಲಿ. ಮೊಬೈಲ್ ಸ್ಟ್ಯಾಂಡಿಗೆ ಇಟ್ಟು ವಿಡಿಯೋ ಮಾಡಿ, ಆಮೇಲೆ ಎಲ್ರೂ ಕೂತು ನೋಡಿ ಡಿಲೀಟ್ ಮಾಡಿ, ವಾಟ್ಸಾಪ್ ಗ್ರೂಪಿಗೆ ಮಾತ್ರ ಹೋಗೂದು ಬೇಡ ಮಾರಾಯ್ರೆ.

ಇನ್ನೊಂದು, ಡ್ರಿಲ್ ಸೆಮಿನಾರ್ ಹಾಲಲ್ಲಿ ಮಾಡ್ಬೇಡಿ. ನಿಮ್ಮ ಎಮರ್ಜೆನ್ಸಿ ಬೆಡ್ ಮೇಲೇ, ನಿಮ್ಮ ಟ್ರಾಲಿಯಿಂದನೇ ಸಾಮಾನು ತೆಗೆದು ಮಾಡಿ. ಆವಾಗ ಗೊತ್ತಾಗ್ತದೆ ಲ್ಯಾರಿಂಗೋಸ್ಕೋಪಿನ ಸಣ್ಣ ಬ್ಲೇಡಿಗೆ ಲೈಟ್ ಹತ್ತೂದಿಲ್ಲ, ಮಕ್ಕಳ ಮಾಸ್ಕ್ ಮೇಲಿನ ಕಪಾಟಲ್ಲಿ ಬೀಗ ಹಾಕಿ ಇದೆ, ಕೀ ಇರೂ ಸಿಸ್ಟರ್ ನೈಟ್ ಆಫ್. ಇದಕ್ಕೆ ಯಾರ ಮಾರ್ಕ್ಸೂ ಕಟ್ ಮಾಡೂದು ಬೇಡ, ಬೇರೆ ಹಾಳೆಲಿ ಬರೆದು ಸ್ಟೋರಿಗೆ ಕಳ್ಸಿ.

ಒಂದು ಕೇಸ್ ನಮ್ಮ ಊರಿಗೆ ತಕ್ಕ ಹಾಗೆ ಇಡಿ. ಅಡಿಕೆ ಹೋಳು, ಶೇಂಗಾ ಬೀಜ ಗಂಟಲಿಗೆ ಹೋದ ಮಗು ಅಂತ. ಎಕ್ಸ್‌ರೇಲಿ ಎರಡೂ ಹೆಚ್ಚಾಗಿ ಕಾಣೂದಿಲ್ಲ. ಒಂದು ವರ್ಷದ ಒಳಗಿನ ಕೂಸಿಗೆ 5 ಸಲ ಬೆನ್ನಿಗೆ ತಟ್ಟೂದು, 5 ಸಲ ಎದೆ ಒತ್ತೂದು. ಯಾರಾದ್ರೂ ಕಾಣದೇ ಇದ್ರೂ ಬಾಯಿಗೆ ಬೆರಳು ಹಾಕಿ ತಡಕಾಡಿದ್ರೆ ಅಲ್ಲೇ ಫೇಲ್.

ಅರಬೈಲು_108:
ನಂದೂ ಒಂದು ಮಾತು. ನೀವೆಲ್ಲ ಟ್ಯೂಬ್ ಹಾಕಿದ್ಮೇಲೆ ಡ್ರಿಲ್ ಮುಗಿಸ್ತೀರಿ, ನಮ್ಮ ಕೆಲ್ಸ ಶುರುವಾಗೂದೇ ಅಲ್ಲಿಂದ. ಮಗುನ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕರ್ಕೊಂಡು ಹೋಗ್ಬೇಕು, ಘಟ್ಟದ ತಿರುವಲ್ಲಿ ತಲೆ ಸ್ವಲ್ಪ ಆ ಕಡೆ ಈ ಕಡೆ ಆದ್ರೂ ಸಣ್ಣ ಮಕ್ಕಳ ಟ್ಯೂಬ್ ಜಾಗ ಬಿಡ್ತದೆ. ಹಾಗಾಗಿ ಡ್ರಿಲ್‌ಲಿ ಗೊಂಬೆನ ಸ್ಟ್ರೆಚರ್ ಮೇಲೆ ಹಾಕಿ ಗೇಟ್ ತನಕ ತನ್ನಿ, ದಾರಿಲಿ ಸ್ಯಾಚುರೇಶನ್ ಬಿತ್ತು ಅಂತ ಹೇಳಿ. ಟ್ಯೂಬ್ ಜಾರಿದ್ಯಾ, ಕಫ ಕಟ್ಟಿದ್ಯಾ, ಎದೆಲಿ ಗಾಳಿ ಸೋರಿದ್ಯಾ, ಸಿಲಿಂಡರ್ ಖಾಲಿನಾ, ಈ ನಾಲ್ಕನ್ನ ಯಾರು ನೋಡ್ತಾರೆ ಅದಕ್ಕೂ ಮಾರ್ಕ್ಸ್ ಇಡಿ. ಸಿಲಿಂಡರ್ ಗೇಜ್ ನೋಡದೇ ಹತ್ತಿಸೂ ಜನ ಇದ್ದಾರೆ, ಸುಳ್ಳಲ್ಲ.

ಗೋಕರ್ಣದವ:
ಮಾರ್ಕ್ಸ್ ಯಾಕೆ ಬೇಕು? ಮಾರ್ಕ್ಸ್ ಅಂದ್ರೆ ಜನ ಡ್ರಿಲ್ ದಿವ್ಸ ರಜೆ ಹಾಕ್ತಾರೆ.

ಕುಮಟಾ_ಮಕ್ಕಳಡಾಕ್ಟ್ರು:
@ಗೋಕರ್ಣದವ, ಒಬ್ಬೊಬ್ರ ಹೆಸರಿಗೆ ಬೇಡ, ಟೀಮಿಗೆ ಒಂದೇ ಶೀಟ್ ಹಾಕಿ. ಮೂರು ತಿಂಗಳು ಬಿಟ್ಟು ಅದೇ ಕೇಸ್ ಮಾಡಿದ್ರೆ ಆ ಸೆಕೆಂಡ್ ಇಳಿದಿದ್ಯಾ ಅಂತ ನೋಡೂಕಾದ್ರೂ ಬೇಕಲ್ಲ. ಸಿಸ್ಟರ್ ಕೇಳಿದ ಸೀನಿಯರ್ ವಿಷ್ಯಕ್ಕೂ ಅದೇ ದಾರಿ, ಮಾರ್ಕ್ಸ್ ಡಾಕ್ಟ್ರಿಗಲ್ಲ, ನಾಲ್ಕು ಜನರಿಗೆ ಒಟ್ಟಿಗೆ.

ಸದಾಶಿವಗಡ_ಸಿಸ್ಟರ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಹೊಸ ಶೀಟ್ ಬರೀತಾ ಇದ್ದೇನೆ. ಒಂದು ಸಣ್ಣ ಡೌಟ್, ನಮ್ಮ ಮಕ್ಕಳ ಬ್ಯಾಗಿಗೆ ಮೇಲೆ ಒಂದು ವಾಲ್ವ್ ಇದೆ, ಜೋರು ಒತ್ತಿದ್ರೆ ಅಲ್ಲಿಂದ ಗಾಳಿ ಹೋಗ್ತದೆ, ಎದೆ ಏಳೂದಿಲ್ಲ. ಇದನ್ನ ಫೇಲ್ ಅಂತ ಬರಿಯೂದಾ?

ಶಿರಸಿ_ಓಟಿ:
ಅದು ಪಾಪ್-ಆಫ್ ವಾಲ್ವ್ ಸಿಸ್ಟರ್, ಪ್ರೆಶರ್ ಜಾಸ್ತಿ ಆಗಿ ಶ್ವಾಸಕೋಶಕ್ಕೆ ಪೆಟ್ಟಾಗಬಾರ್ದು ಅಂತ ಇರೂದು. ಮೊದ್ಲು ತಲೆ ಸರಿ ಮಾಡಿ, ಮಾಸ್ಕ್ ಸರಿ ಕೂರ್ಸಿ, ಬಾಯಲ್ಲಿ ಕಫ ಇದ್ರೆ ಸಕ್ಷನ್ ಮಾಡಿ. ಅಷ್ಟಾದ್ರೂ ಎದೆ ಏಳೂದಿಲ್ಲ ಅಂದ್ರೆ ಮಾತ್ರ ವಾಲ್ವನ್ನ ಬೆರಳಲ್ಲಿ ಒತ್ತಿ ಹಿಡಿದು ಎದೆ ನೋಡ್ತಾ ನಿಧಾನ ಬ್ಯಾಗ್ ಮಾಡೂದು. ಫೇಲ್ ಅಂತ ಬರೀಬೇಡಿ, "ವಾಲ್ವ್ ಗೊತ್ತಿತ್ತಾ" ಅಂತ ಒಂದು ಕಾಲಂ ಸೇರ್ಸಿ, ಮೊದಲ್ನೇ ಡ್ರಿಲ್‌ಲಿ ಆ ಕಾಲಂ ಜಾಸ್ತಿ ಖಾಲಿನೇ ಇರ್ತದೆ ನೋಡಿ.