ವೈನ್ ಘಟಕಕ್ಕ ಸೋಲಾರ್ ಹಾಕ್ಸಬೇಕಂತೀನಿ, ಅನುಭವ ಇದ್ದವರು ಹೇಳ್ರಿ

ಲಕ್ಷ್ಮೇಶ್ವರದಿಂದ: ಮನಿಮಂದಿನ ಸೇರಿ ನಡಸೋ ಸಣ್ಣ ವೈನ್ ಘಟಕ ನಮ್ಮದು, ಆರು ಎಕರೆ ದ್ರಾಕ್ಷಿ. ಕರೆಂಟ್ ಬಿಲ್ ಕಟ್ಟಿ ಸಾಕಾಗೇತಿ. ಎಷ್ಟು ಕಿಲೋವ್ಯಾಟ್ ಹಾಕ್ಸಬೇಕು, ಬ್ಯಾಟರಿ ಬೇಕೋ ಬ್ಯಾಡೋ?

ಧಾರವಾಡದಿಂದ: ನಮ್ಮದೂ ಅಪ್ಪ, ಕಾಕಾ ಕೂಡಿ ನಡಸೋ ಘಟಕ. ಮೊದಲ ನಾವು ತಿಂದ ಪೆಟ್ಟು ಹೇಳ್ತೀನ್ರಿ. 20 ಕಿಲೋವ್ಯಾಟ್ ಆನ್‌ಗ್ರಿಡ್, ಅಂದ್ರ ಬ್ಯಾಟರಿ ಇಲ್ಲದ, ಕರೆಂಟ್ ಲೈನಿಗೆ ಜೋಡ್ಸೋ ಸೋಲಾರ್ ಹಾಕ್ಸಿದ್ವಿ. ಫೆಬ್ರವರಿಯೊಳಗ ಟಾಕಿ ತುಂಬಿ ಬಿಳಿ ವೈನಿನ ರಸ ಫರ್ಮೆಂಟ್ ಆಗಾಕ (ಹುದುಗಾಕ) ಹತ್ತಿತ್ತು. ಮಧ್ಯಾಹ್ನ ಲೈನ್ ಹೋತು. ಮ್ಯಾಲೆ ರಣರಣ ಬಿಸಿಲು, ಆದ್ರೂ ಇನ್ವರ್ಟರ್ ಬಂದ್! ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರದಂತ ಆನ್‌ಗ್ರಿಡ್ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲತೈತಿ. ಹಾಕಿಕೊಟ್ಟವರು ಇದನ್ನ ನಮಗ ಹೇಳಿರಲಿಲ್ಲ. ಟಾಕಿ ತಣ್ಣಗ ಮಾಡೋ ಮಷೀನು, ಚಿಲ್ಲರ್, ನಿಂತು 16 ಡಿಗ್ರಿ ಇದ್ದ ಟಾಕಿ ಸಂಜಿ ಅನ್ನೋದ್ರೊಳಗ 23 ಆತು. ಅಪ್ಪಾರು ಗೋಣಿಚೀಲ ತೋಯ್ಸಿ ಟಾಕಿಗೆ ಸುತ್ತಿ, ಬಕೀಟಿಲೆ ನೀರು ಸುರಕೋತ ನಿಂತಿದ್ರು. ಆ ಟಾಕಿ ವೈನಿನಾಗ ಹಣ್ಣಿನ ಘಮಾನ ಉಳೀಲಿಲ್ಲ.

ಅದಕ್ಕ ಕಿಲೋವ್ಯಾಟ್ ಲೆಕ್ಕಕ್ಕ ಹೋಗೋ ಮೊದಲ, ಯಾವ ಮಷೀನು ಯಾವ ಹೊತ್ತಿನಾಗ ಓಡ್ತೈತಿ ಅಂತ ಬರ್ಕೋರಿ. ನಮ್ಮಲ್ಲಿ ಬಿಲ್ ಏರ್ಸೋದು ಚಿಲ್ಲರ್. ಪುಣ್ಯಾಕ್ಕ ದ್ರಾಕ್ಷಿ ಸುಗ್ಗಿ ಬರೋದೂ ಜನವರಿಯಿಂದ ಮಾರ್ಚ್ ತನಕ, ಮೋಡ ಇಲ್ಲದ ದಿನದಾಗ. 1 ಕಿಲೋವ್ಯಾಟಿಗೆ ದಿನಾ ಸರಾಸರಿ 4 ಯೂನಿಟ್ ಹಿಡೀರಿ, ಜಾಗ ಸುಮಾರು 100 ಚದರಡಿ. ದೊಡ್ಡ ಬ್ಯಾಟರಿಗೆ ರೊಕ್ಕ ಹಾಕಬ್ಯಾಡ್ರಿ. ನಾವೀಗ ಹಗಲೆಲ್ಲಾ ಚಿಲ್ಲರ್ ಓಡಿಸಿ ಹೆಪ್ಪುಗಟ್ಟದಂಗ ಗ್ಲೈಕಾಲ್ ಬೆರೆಸಿದ ನೀರನ್ನ, ದಪ್ಪನ ಇನ್ಸುಲೇಷನ್ ಹಾಕಿದ ಬ್ಯಾರೆ ಟಾಕಿಯೊಳಗ ತಣ್ಣಗ ಮಾಡಿ ಇಡ್ತೀವಿ. ರಾತ್ರಿ ಅದನ್ನ ವೈನ್ ಟಾಕಿ ಸುತ್ತ ಹರಸೋ ಸಣ್ಣ ಪಂಪ್ ಅಷ್ಟ ಓಡಿದ್ರ ಸಾಕು. ಆ ಪಂಪಿಗೆ ಮಾತ್ರ, ಲೈನ್ ಹೋದ್ರೂ ಬ್ಯಾಟರಿಲೆ ಓಡಿಸೋ ಹೈಬ್ರಿಡ್ ಇನ್ವರ್ಟರ್, ಸಣ್ಣ ಬ್ಯಾಟರಿ ಇಟ್ಟೀವಿ.

ಇನ್ನ ಧೂಳಿಂದು. ಎರಿ ಹೊಲದ ಧೂಳು ಪ್ಯಾನಲ್ ಮ್ಯಾಲೆ ಹಿಟ್ಟಿನಂಗ ಕುಂದರ್ತೈತಿ. ಬೋರಿನ ಸವಳು ನೀರಿಲೆ ತೊಳೆದ್ವಿ, ಬಿಳಿ ಕಲೆ ಬಿದ್ದು ಇನ್ನೂ ಹೊಲಸಾತು. ಕೂಡಿಟ್ಟ ಮಳಿ ನೀರಿಲೆ ನಸುಕಿನಾಗ ತೊಳೀರಿ. ಕಾದ ಗಾಜಿನ ಮ್ಯಾಲೆ ತಣ್ಣೀರು ಹಾಕಬ್ಯಾಡ್ರಿ.

ಹಾನಗಲ್‌ನಿಂದ: ಹಿಂಡಿ ಉಳಿದ ಸಿಪ್ಪಿ, ಬೀಜದ್ದೂ ವಿಚಾರ ಮಾಡ್ರಿ. ಹಂಗ ರಾಶಿ ಬಿಟ್ರ ಹುಳಿ ನಾತ, ನೊಣ. ನಾವು ಸಗಣಿ, ಕಬ್ಬಿನ ರವದಿ ಜೋಡಿ ಪದರ ಪದರ ಹಾಕಿ, ಆಗಾಗ ತಿರುವಿ, ಚೊಲೋ ಕಳಿತ ಮ್ಯಾಲೆ ಬಳ್ಳಿ ಬುಡಕ್ಕ ಹಾಕ್ತೀವಿ. ಸಾಲಿನ ನಡುವ ಸೆಣಬು ಬಿತ್ತಿ, ಹೂವಾಗೋ ಹೊತ್ತಿಗೆ ಕೊಯ್ದು ಅಲ್ಲೇ ಹಾಸ್ತೀವಿ. ಮಣ್ಣು ಬ್ಯಾಗ ಆರಂಗಿಲ್ಲ.

ಲಕ್ಷ್ಮೇಶ್ವರದಿಂದ: ಎಲ್ಲಾರಿಗೂ ಶರಣ್ರಿ. ರೈತರ ಸೋಲಾರಿಗೆ ಸರ್ಕಾರ ಕೊಡೋ ಕುಸುಮ್ ಸಬ್ಸಿಡಿ ನಮ್ಮ ಘಟಕಕ್ಕ ಸಿಗತೈತೇನ್ರಿ?

ಧಾರವಾಡದಿಂದ: ಚಾವಣಿಗೆ ಇಲ್ಲರಿ, ಅದರೊಳಗಿನ ಬಿ ಭಾಗ, ಕುಸುಮ್-ಬಿ, ಇರೋದು ನೀರಾವರಿ ಪಂಪಿಗೆ. ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ನಮ್ಮ ಕೈಯಿಂದ ಶೇ. 20. ತೋಟದ ಬೋರಿಗೆ ಇನ್ನೂ ಲೈನ್ ಎಳೆದಿಲ್ಲಾಂದ್ರ ಸರ್ಕಾರದ ಸೌರ ಮಿತ್ರ ಪೋರ್ಟಲ್‌ನಾಗ ಅರ್ಜಿ ಹಾಕ್ರಿ. ಘಟಕದ್ದು ಬ್ಯಾರೆ ಲೆಕ್ಕ. ಹೋದ ಸುಗ್ಗಿ ಮೂರು ತಿಂಗಳ ಬಿಲ್, ಚಿಲ್ಲರ್ ಎಷ್ಟು ಟನ್ನಿಂದು ಅನ್ನೋದನ್ನ ಇಲ್ಲೇ ಹಾಕ್ರಿ, ಕೂಡೇ ಲೆಕ್ಕಾ ಮಾಡೋಣು.